ಕೋರ್ಟಿನ ಬಾಗಿಲು, ಊರಿನ ಬಾಯಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಎರಡು ವಿಷಯಗಳ ಸುತ್ತ ಇವೆ. ಕೋರ್ಟಿನ ಮೆಟ್ಟಿಲು ಹತ್ತಿದ ಕಾರಣಕ್ಕೆ ಊರವರ, ನೆಂಟರ ಹಗೆಗೆ ಗುರಿಯಾದವರು ಮನಸ್ಸನ್ನು ಹೇಗೆ ಗಟ್ಟಿಯಾಗಿ ಇಟ್ಟುಕೊಳ್ಳಬೇಕೆಂದು ಕೇಳಿದ್ದಾರೆ. ತಮ್ಮ ತಾಲ್ಲೂಕಿನ ಕೋರ್ಟಿನಲ್ಲಿ ಏನು ನಡೆಯುತ್ತದೆಂದು ತಿಳಿಯಬಯಸುವವರು ಆ ಹಕ್ಕು ತಮಗೆ ಎಷ್ಟರಮಟ್ಟಿಗೆ ಇದೆಯೆಂದು ಕೇಳಿದ್ದಾರೆ. ಒಬ್ಬರಿಗೆ ನೋಡುವವರ ಭಯ, ಇನ್ನೊಬ್ಬರಿಗೆ ನೋಡುವ ಆಸೆ. ಆದ್ದರಿಂದ ಎರಡನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹಲವು ಪ್ರಕರಣಗಳು ಇನ್ನೂ ವಿಚಾರಣೆಯಲ್ಲಿರುವುದರಿಂದ ಪತ್ರ ಬರೆದವರ ಹೆಸರನ್ನೂ ಊರನ್ನೂ ಬಿಟ್ಟು ಜಿಲ್ಲೆಯನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ತಂದೆಯ ಆಸ್ತಿಯಲ್ಲಿ ನನ್ನ ಪಾಲು ಕೇಳಿ ಅಣ್ಣಂದಿರ ಮೇಲೆ ದಾವೆ ಹೂಡಿದ್ದೇನೆ. ಅಂದಿನಿಂದ ತವರೂರಿನಲ್ಲಿ ಯಾರೂ ಮಾತನಾಡಿಸುತ್ತಿಲ್ಲ. ವಾಯಿದೆಯ ದಿನ ಊರಿನ ಕೆಲವರು ಕೋರ್ಟಿಗೇ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ವರಾಂಡದಲ್ಲಿ ನಾನು ಹಾದುಹೋಗುವಾಗ ಕಿವಿಗೆ ಬೀಳುವಂತೆ ಚುಚ್ಚುಮಾತು ಆಡುತ್ತಾರೆ. ಮುಂದಿನ ವಾಯಿದೆಗೆ ನನ್ನ ಪಾಟೀಸವಾಲು (ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದು) ಇದೆ. ಅವರೆದುರು ನಿಂತು ಉತ್ತರಿಸುವುದನ್ನು ನೆನೆದರೇ ಕೈಕಾಲು ನಡುಗುತ್ತದೆ. ಅವರನ್ನು ಹೊರಗೆ ಕಳುಹಿಸಲು ಸಾಧ್ಯವಿಲ್ಲವೇ? ನಾನು ಮನಸ್ಸನ್ನು ಹೇಗೆ ಹಿಡಿದುಕೊಳ್ಳಲಿ?
— ಒಬ್ಬ ಓದುಗರು, ತುಮಕೂರು ಜಿಲ್ಲೆ

ಉತ್ತರ: ನೀವು ಮಾಡಿರುವುದು ತಪ್ಪಲ್ಲ ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಚುಚ್ಚುಮಾತು ನಾಟುವುದು ನಮ್ಮಲ್ಲೇ ಎಲ್ಲೋ ಒಂದು ಕಡೆ ಅಪರಾಧ ಭಾವನೆ ಇದ್ದಾಗ. ಮದುವೆಯಾಗದ ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳಂತೆಯೇ ಹುಟ್ಟಿನಿಂದ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯಾದ ಮಗಳು, ಆಗದ ಮಗಳು ಎಂಬ ಭೇದವನ್ನೂ ತೆಗೆದುಹಾಕಿತು. ಆ ದಿನಕ್ಕೆ ತಂದೆ ಬದುಕಿರಲೇಬೇಕೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಬಗೆಹರಿಸಿ, ಬದುಕಿರಬೇಕಾಗಿಲ್ಲ ಎಂದು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ನೋಂದಾಯಿತ ಪತ್ರದ ಮೂಲಕವೋ ಕೋರ್ಟಿನ ಡಿಕ್ರಿಯ ಮೂಲಕವೋ ವಿಭಾಗ ಮುಗಿದಿದ್ದರೆ ಮಾತು ಬೇರೆ. ಅದನ್ನು ನಿಮ್ಮ ವಕೀಲರು ನೋಡಿಯೇ ದಾವೆ ಹಾಕಿರುತ್ತಾರೆ. ಹಾಗಾಗಿ ನೀವು ಅಣ್ಣಂದಿರಿಂದ ಏನನ್ನೂ ಕಿತ್ತುಕೊಳ್ಳುತ್ತಿಲ್ಲ. ಶಾಸನ ಕೊಟ್ಟಿರುವ ಹಕ್ಕನ್ನು ಗುರುತಿಸಿರೆಂದು, ಅದನ್ನು ಗುರುತಿಸಬೇಕಾದ ಸ್ಥಳದಲ್ಲಿಯೇ ಕೇಳುತ್ತಿದ್ದೀರಿ.

ಇನ್ನು ಹಿಂದಿನ ಬೆಂಚಿನವರ ವಿಷಯ. ಅವರಿಗೆ ಅಲ್ಲಿ ಕೂರುವ ಹಕ್ಕಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 153-ಬಿ ಕಲಮಿನ ಪ್ರಕಾರ ಸಿವಿಲ್ ದಾವೆಯ ವಿಚಾರಣೆ ನಡೆಯುವ ಸ್ಥಳ ತೆರೆದ ನ್ಯಾಯಾಲಯ. ಜಾಗ ಇರುವಷ್ಟು ಮಟ್ಟಿಗೆ ಸಾರ್ವಜನಿಕರು ಒಳಗೆ ಬರಬಹುದು. ಯಾರೊಬ್ಬರನ್ನಾದರೂ ಅಥವಾ ಎಲ್ಲರನ್ನೂ ಹೊರಗಿಡಲು ಆದೇಶಿಸುವ ಅಧಿಕಾರ ನ್ಯಾಯಾಧೀಶರಿಗೆ ಅದೇ ಕಲಮಿನಲ್ಲಿದೆಯಾದರೂ ಪಾಲಿನ ದಾವೆಯಲ್ಲಿ ಅದನ್ನು ಬಳಸುವುದು ಅಪರೂಪ. ಆದರೆ ಹಾಲ್‌ನ ಒಳಗೆ ಯಾರಾದರೂ ಸನ್ನೆ ಮಾಡಿದರೆ, ಗೊಣಗಿದರೆ, ನೀವು ಉತ್ತರಿಸುವಾಗ ನಕ್ಕರೆ, ಅಲ್ಲಿಂದ ಅವರನ್ನು ಕಳುಹಿಸಲು ನ್ಯಾಯಾಧೀಶರಿಗೆ ಒಂದು ನಿಮಿಷ ಸಾಕು. ಅದಕ್ಕಾಗಿ ನೀವು ತಿರುಗಿ ಅವರೊಡನೆ ಮಾತಿಗೆ ಇಳಿಯಬೇಕಾಗಿಲ್ಲ, ವಕೀಲರಿಗೆ ತಿಳಿಸಿದರೆ ಅವರು ನ್ಯಾಯಾಧೀಶರ ಗಮನಕ್ಕೆ ತರುತ್ತಾರೆ. ಊರಿನವರು ಅಲ್ಲಿ ಇರುವುದರಿಂದ ನಿಮಗೆ ಒಂದು ಪ್ರಯೋಜನವೂ ಇದೆ. ಊರಿನಲ್ಲಿ ನಿಮ್ಮ ಬಗ್ಗೆ ಹರಡಿರುವ ಕಥೆಗೆ ಎದುರಾಗಿ ನೀವು ಪ್ರಮಾಣ ಮಾಡಿ ಹೇಳಿದ್ದನ್ನು ಕಿವಿಯಾರೆ ಕೇಳಿದವರು ಆ ಬೆಂಚಿನಿಂದಲೇ ಎದ್ದು ಊರಿಗೆ ಹೋಗುತ್ತಾರೆ. ಎಲ್ಲರೂ ಅದನ್ನು ನಿಷ್ಠೆಯಿಂದ ಹೇಳಲಾರರು, ಒಬ್ಬಿಬ್ಬರು ಹೇಳುತ್ತಾರೆ.

ಪಾಟೀಸವಾಲಿನ ಭಯಕ್ಕೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ನಿಮ್ಮ ಪತ್ರದ ತಿರುಳು ಇರುವುದು ಅಲ್ಲಿ. ಎದುರು ಪಕ್ಷದ ವಕೀಲರು ನಿಮಗೆ ಸಾಲಾಗಿ ‘ಸಲಹೆ’ಗಳನ್ನು, ಅಂದರೆ ತಮ್ಮ ಕಡೆಯ ವಾದವನ್ನೇ ಪ್ರಶ್ನೆಯಾಗಿಸಿದ ಮಾತುಗಳನ್ನು, ಹಾಕುತ್ತಾರೆ. ನಿಮ್ಮ ಮದುವೆಗೆ ಅಣ್ಣಂದಿರು ಇಷ್ಟು ಖರ್ಚು ಮಾಡಿದರು, ಒಡವೆಯ ರೂಪದಲ್ಲಿ ನಿಮ್ಮ ಪಾಲು ಸಂದಿದೆ, ಗಂಡನ ಕುಮ್ಮಕ್ಕಿನಿಂದ ದಾವೆ ಹಾಕಿದ್ದೀರಿ ಎಂದೆಲ್ಲ ಬರುತ್ತದೆ. ಕೊನೆಗೆ ‘ನೀವು ಸುಳ್ಳು ಸಾಕ್ಷ್ಯ ನುಡಿಯುತ್ತಿದ್ದೀರಿ’ ಎಂಬುದೂ ಬರುತ್ತದೆ. ಇದನ್ನು ಕೇಳಿ ಅತ್ತವರಿದ್ದಾರೆ, ಸಿಟ್ಟಿನಿಂದ ಕೂಗಾಡಿ ತಮ್ಮ ಕೇಸನ್ನು ತಾವೇ ಕೆಡಿಸಿಕೊಂಡವರೂ ಇದ್ದಾರೆ. ಆದರೆ ನಮ್ಮ ಕೋರ್ಟುಗಳ ಸಾಕ್ಷ್ಯದ ಹಾಳೆಗಳನ್ನು ತೆಗೆದು ನೋಡಿದರೆ ಬಹುತೇಕ ಎಲ್ಲ ಪಾಟೀಸವಾಲುಗಳೂ ಮುಗಿಯುವುದು ‘ನಾನು ಸುಳ್ಳು ಸಾಕ್ಷ್ಯ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ’ ಎಂಬ ಸಾಲಿನಿಂದಲೇ. ತಮ್ಮ ಕಕ್ಷಿದಾರರ ವಾದವನ್ನು ಸಾಕ್ಷಿಯ ಮುಂದೆ ಇಡದೆ ಬಿಟ್ಟರೆ ಅದನ್ನು ಒಪ್ಪಿಕೊಂಡಂತೆ ಆಗಬಹುದೆಂಬ ಕಾರಣಕ್ಕೆ ವಕೀಲರು ಹಾಗೆ ಕೇಳುತ್ತಾರೆ. ಅದು ಅವರ ಕೆಲಸದ ಭಾಗ. ವಕೀಲರು ಹಾಕಿದ ಸಲಹೆ ತಾನಾಗಿ ಸಾಕ್ಷ್ಯವಾಗುವುದಿಲ್ಲ. ಅದಕ್ಕೆ ನೀವು ಕೊಡುವ ಉತ್ತರ ಸಾಕ್ಷ್ಯ. ಆದ್ದರಿಂದ ‘ಸರಿಯಲ್ಲ’ ಎಂದು ಹೇಳಿ ಸುಮ್ಮನಾಗುವುದಕ್ಕೆ ಧೈರ್ಯಕ್ಕಿಂತ ಹೆಚ್ಚಾಗಿ ಬೇಕಾಗಿರುವುದು ಈ ತಿಳಿವಳಿಕೆ.

ಪ್ರಶ್ನೆ ಯಾರಿಂದ ಬಂದರೂ ಉತ್ತರವನ್ನು ನ್ಯಾಯಾಧೀಶರ ಕಡೆ ನೋಡಿ ಹೇಳಿ. ಆಗ ಹಿಂದಿನ ಬೆಂಚು ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರಿಸಿ. ನೆನಪಿಲ್ಲದ್ದನ್ನು ನೆನಪಿಲ್ಲವೆಂದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳುವುದರಲ್ಲಿ ಸೋಲಿಲ್ಲ. ಉತ್ತರ ಬರಹಕ್ಕೆ ಇಳಿಯುವಾಗ ತಪ್ಪಾಗಿ ದಾಖಲಾಯಿತೆಂದು ಅನಿಸಿದರೆ ಅಲ್ಲಿಯೇ ಹೇಳಬಹುದು, ಸಹಿ ಹಾಕುವ ಮುಂಚೆ ಓದಿಸಿಕೊಳ್ಳಬಹುದು. ಅಸಭ್ಯವಾದ ಪ್ರಶ್ನೆಗಳನ್ನೂ ಅವಮಾನಿಸುವುದಕ್ಕೆಂದೇ ಕೇಳುವ ಪ್ರಶ್ನೆಗಳನ್ನೂ ನ್ಯಾಯಾಧೀಶರು ತಡೆಯಲು ಭಾರತೀಯ ಸಾಕ್ಷ್ಯ ಅಧಿನಿಯಮದ 154 ಮತ್ತು 155ನೆಯ ಕಲಮುಗಳಲ್ಲಿ ಅವಕಾಶವಿದೆ. ನಿಮ್ಮ ವಾಯಿದೆಗೆ ಮುಂಚೆ ಸಮಯವಿದ್ದರೆ ಬೇರೆಯವರ ಪಾಟೀಸವಾಲು ನಡೆಯುವಾಗ ಅದೇ ಹಾಲ್‌ನಲ್ಲಿ ಅರ್ಧ ಗಂಟೆ ಕುಳಿತು ನೋಡಿ. ಮನೆಯಲ್ಲಿ ಕುಳಿತು ಕಲ್ಪಿಸಿಕೊಂಡ ಭಯದ ಬಹುಪಾಲು ಅಲ್ಲಿಯೇ ಕಳೆಯುತ್ತದೆ.

ವರಾಂಡದ ಮಾತು ಬೇರೆ ಬಗೆಯದು. ಅಲ್ಲಿ ಆಡಿದ ಯಾವ ಮಾತೂ ಕಡತದಲ್ಲಿ ಸೇರುವುದಿಲ್ಲ, ತೀರ್ಪಿನ ಒಂದು ಅಕ್ಷರವನ್ನೂ ಬದಲಿಸುವುದಿಲ್ಲ. ನಿಮ್ಮನ್ನು ಕೆರಳಿಸಿ, ಒಂದು ಜಗಳ ಎಬ್ಬಿಸಿ, ಮುಂದಿನ ವಾಯಿದೆಗೆ ನೀವು ಬಾರದಂತೆ ಮಾಡುವುದೊಂದೇ ಅದರ ಉದ್ದೇಶ. ನಿಮ್ಮ ಪ್ರಕರಣವನ್ನು ಕೂಗುವ ಮೊದಲೇ ಬಂದು ಹಾಲ್‌ನ ಒಳಗೆ ಕೂರಿ, ಒಬ್ಬ ಸಂಗಾತಿಯನ್ನು ಕರೆದುಕೊಂಡು ಬನ್ನಿ, ಮುಂದಿನ ದಿನಾಂಕ ಬರೆದುಕೊಂಡ ಮೇಲೆ ಅಲ್ಲಿ ನಿಲ್ಲಬೇಡಿ. ಆದರೆ ತಾಳ್ಮೆ ಎಂದರೆ ಎಲ್ಲವನ್ನೂ ನುಂಗುವುದಲ್ಲ. ‘ಕೊಂದುಹಾಕುತ್ತೇವೆ’, ‘ಕಾಲು ಮುರಿಯುತ್ತೇವೆ’ ಎಂಬ ಮಾತು ಬಂದರೆ ಅದು ಭಾರತೀಯ ನ್ಯಾಯ ಸಂಹಿತೆಯ 351ನೆಯ ಕಲಮಿನಡಿ ಅಪರಾಧ. ಕೊಲೆ ಅಥವಾ ತೀವ್ರ ಗಾಯದ ಬೆದರಿಕೆಗೆ ಏಳು ವರ್ಷದವರೆಗೆ ಶಿಕ್ಷೆಯಿದೆ. ಹೆಣ್ಣೆಂಬ ಕಾರಣಕ್ಕೆ ಮಾನಕ್ಕೆ ಕುಂದು ತರುವ ಮಾತಿಗೆ 79ನೆಯ ಕಲಮಿದೆ. ಯಾವ ದಿನ, ಎಲ್ಲಿ, ಯಾರು, ಯಾವ ಮಾತು, ಹತ್ತಿರದಲ್ಲಿ ಯಾರಿದ್ದರು ಎಂಬುದನ್ನು ಅಂದೇ ಬರೆದಿಡಿ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನು ಅಂಚೆಯ ಮೂಲಕ ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಕಳುಹಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ಇನ್ನೊಂದು ದಾರಿಯನ್ನೂ ಯೋಚಿಸಿ. ಒಡಹುಟ್ಟಿದವರ ನಡುವಿನ ಪಾಲಿನ ದಾವೆಯನ್ನು ನ್ಯಾಯಾಲಯ ಮಧ್ಯಸ್ಥಿಕೆಗೆ ಕಳುಹಿಸಬಹುದು. ಮಧ್ಯಸ್ಥಿಕೆಯ ಕೊಠಡಿಯಲ್ಲಿ ಪಕ್ಷಕಾರರು, ವಕೀಲರು, ಮಧ್ಯಸ್ಥರು ಇರುತ್ತಾರೆಯೇ ಹೊರತು ಊರಿನವರು ಇರುವುದಿಲ್ಲ, ಅಲ್ಲಿ ಆಡಿದ ಮಾತನ್ನು ಮುಂದೆ ಸಾಕ್ಷ್ಯವಾಗಿ ಬಳಸುವಂತಿಲ್ಲ. ಊರಿನ ಮುಂದೆ ಮಣಿಯಲು ಒಪ್ಪದ ಅಣ್ಣ ಅಂಥ ಕೊಠಡಿಯಲ್ಲಿ ಮೆತ್ತಗಾಗುವುದುಂಟು. ವಕೀಲರ ಶುಲ್ಕ ಭಾರವಾಗಿದ್ದರೆ ಕೋರ್ಟಿನ ಆವರಣದಲ್ಲಿಯೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ಮಹಿಳೆಯರಿಗೆ ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. 15100 ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು.

ಪ್ರಶ್ನೆ: ನನ್ನ ಮಗಳ ವಿಚ್ಛೇದನದ ಪ್ರಕರಣ ನಡೆಯುತ್ತಿದೆ. ಬೀಗರ ಕಡೆಯ ದೂರದ ನೆಂಟರೆಲ್ಲ ಕೋರ್ಟಿಗೆ ಬಂದು ಕುಳಿತು ಕೇಳಬಹುದೇ?
— ಒಬ್ಬ ತಾಯಿ, ದಾವಣಗೆರೆ ಜಿಲ್ಲೆ

ಉತ್ತರ: ಇಲ್ಲ. ಹಿಂದೂ ವಿವಾಹ ಅಧಿನಿಯಮದ 22ನೆಯ ಕಲಮಿನ ಪ್ರಕಾರ ಈ ಪ್ರಕರಣಗಳ ವಿಚಾರಣೆ ಸಾರ್ವಜನಿಕರಿಲ್ಲದೆ ನಡೆಯಬೇಕು, ನ್ಯಾಯಾಲಯದ ಅನುಮತಿಯಿಲ್ಲದೆ ಅದರ ವಿವರಗಳನ್ನು ಮುದ್ರಿಸುವಂತೆಯೂ ಇಲ್ಲ. ಕೌಟುಂಬಿಕ ನ್ಯಾಯಾಲಯದಲ್ಲಿಯೂ ಪಕ್ಷಕಾರರಲ್ಲಿ ಒಬ್ಬರು ಬಯಸಿದರೆ ಸಾಕು, ಗೌಪ್ಯವಾಗಿಯೇ ವಿಚಾರಣೆ ನಡೆಸಬೇಕು. ನಿಮ್ಮ ಮಗಳ ವಕೀಲರು ಮೊದಲ ವಾಯಿದೆಯಲ್ಲಿಯೇ ಇದನ್ನು ಕೇಳಲಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನಮ್ಮ ಊರಿನ ಕೋರ್ಟಿನ ಕಲಾಪವನ್ನು ನೋಡಬೇಕೆಂಬ ಆಸೆಯಿಂದ ಹೋದಾಗ ಬಾಗಿಲಲ್ಲಿದ್ದವರು ‘ನಿಮ್ಮ ಕೇಸು ಇದೆಯೇ?’ ಎಂದು ಕೇಳಿ, ಇಲ್ಲವೆಂದಾಗ ವಾಪಸು ಕಳುಹಿಸಿದರು. ಪ್ರಕರಣವಿಲ್ಲದವರು ಒಳಗೆ ಹೋಗುವಂತಿಲ್ಲವೇ? ಇದರಲ್ಲಿ ಇಷ್ಟು ಆಸಕ್ತಿ ಏಕೆಂದು ಮನೆಯವರೂ ಸ್ನೇಹಿತರೂ ಹೀಯಾಳಿಸುತ್ತಾರೆ.
— ಒಬ್ಬ ಓದುಗರು, ಹಾಸನ ಜಿಲ್ಲೆ

ಉತ್ತರ: ಹೋಗಬಹುದು, ಹೋಗಬೇಕು ಎಂದೇ ನಾನು ಹೇಳುತ್ತೇನೆ. ಸಿವಿಲ್ ಪ್ರಕರಣಗಳಿಗೆ 153-ಬಿ ಕಲಮನ್ನು ಮೇಲೆ ಹೇಳಿದ್ದೇನೆ. ಕ್ರಿಮಿನಲ್ ಪ್ರಕರಣಗಳಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 366ನೆಯ ಕಲಮು ಅದೇ ಮಾತನ್ನು ಹೇಳುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 327ನೆಯ ಕಲಮಾಗಿತ್ತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1966ರ ಮಿರಜ್ಕರ್ ಪ್ರಕರಣದಲ್ಲಿ ತೆರೆದ ವಿಚಾರಣೆಯೇ ನಿಯಮ, ಮುಚ್ಚಿದ ವಿಚಾರಣೆ ಅಪವಾದ ಎಂಬುದನ್ನು ಸ್ಪಷ್ಟಪಡಿಸಿತು. ಆ ಪ್ರಕರಣದಲ್ಲಿ ಒಬ್ಬ ಸಾಕ್ಷಿಯ ಹೇಳಿಕೆ ಪತ್ರಿಕೆಗಳಲ್ಲಿ ಬಾರದಂತೆ ತಡೆದ ಬಾಂಬೆ ಹೈಕೋರ್ಟಿನ ಆದೇಶವನ್ನು ಪೀಠ ಎತ್ತಿಹಿಡಿಯಿತು ಎಂಬುದನ್ನೂ ಸೇರಿಸಬೇಕು. ನ್ಯಾಯ ಕೆಡುವಂತಿದ್ದರೆ ಬಾಗಿಲನ್ನು ಅಷ್ಟರಮಟ್ಟಿಗೆ ಮುಚ್ಚಬಹುದು. ಅತ್ಯಾಚಾರದ ಪ್ರಕರಣಗಳು, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾನೂನು) ಪ್ರಕರಣಗಳು, ವೈವಾಹಿಕ ಪ್ರಕರಣಗಳು ಮೊದಲೇ ಮುಚ್ಚಿದ ಬಾಗಿಲಿನವು. ಅಲ್ಲಿ ಒಳಗೆ ಬಿಡಲಿಲ್ಲವೆಂದರೆ ಸಿಬ್ಬಂದಿ ಮಾಡಿದ್ದು ಸರಿ.

ಉಳಿದ ಸಂದರ್ಭಗಳಲ್ಲಿ ತಡೆದರೆ ವಾದಕ್ಕೆ ನಿಲ್ಲಬೇಡಿ. ಭದ್ರತೆಯ ಕಾರಣಕ್ಕೆ ಅವರು ಹೆಸರು ಕೇಳಬಹುದು, ಚೀಲ ನೋಡಬಹುದು, ಗುರುತಿನ ಚೀಟಿ ತೋರಿಸಲು ಹೇಳಬಹುದು. ಪ್ರಕರಣವಿಲ್ಲ, ಕಲಾಪ ನೋಡಲು ಬಂದಿದ್ದೇನೆ ಎಂದು ನೇರವಾಗಿ ಹೇಳಿ. ಆಗಲೂ ಬಿಡದಿದ್ದರೆ ನ್ಯಾಯಾಲಯದ ಶಿರಸ್ತೇದಾರರಿಗೆ (ಕಚೇರಿಯ ಮುಖ್ಯ ಸಿಬ್ಬಂದಿಗೆ) ಒಂದು ಸಾದಾ ಹಾಳೆಯಲ್ಲಿ ಬರೆದುಕೊಡಿ. ಬಾಗಿಲಲ್ಲಿದ್ದವರು ನಿಮಗೆ ಹಗೆಯವರಲ್ಲ. ಕೇಸಿಲ್ಲದೆ ಬರುವವರನ್ನು ಅವರು ಹೆಚ್ಚು ಕಂಡಿರುವುದಿಲ್ಲ, ಅಷ್ಟೇ.

ಒಳಗೆ ಹೋದ ಮೇಲೆ ಮುಂದಿನ ಕುರ್ಚಿಗಳನ್ನು ವಕೀಲರಿಗೆ ಬಿಟ್ಟು ಹಿಂದೆ ಕೂರಿ. ಮೊಬೈಲನ್ನು ಪೂರ್ತಿ ಆಫ್ ಮಾಡಿ. ಚಿತ್ರ ತೆಗೆಯುವುದು, ಧ್ವನಿ ಮುದ್ರಿಸುವುದು ಕೂಡದು. ಪುಸ್ತಕದಲ್ಲಿ ಟಿಪ್ಪಣಿ ಬರೆದುಕೊಳ್ಳಲು ಅಡ್ಡಿಯಿಲ್ಲ, ಆದರೂ ಯಾರಾದರೂ ಕೇಳಿದರೆ ತೋರಿಸಲು ಹಿಂಜರಿಯಬೇಡಿ. ಬೆಳಗಿನ ಹೊತ್ತು ಪ್ರಕರಣಗಳನ್ನು ಒಂದೊಂದಾಗಿ ಕೂಗಿ, ಹಾಜರಿ ನೋಡಿ, ಮುಂದಿನ ದಿನಾಂಕ ಕೊಡುವುದೇ ಹೆಚ್ಚು ನಡೆಯುತ್ತದೆ. ಮೊದಲ ಸಲ ನೋಡುವವರಿಗೆ ಇದು ಬರೀ ಮುಂದೂಡಿಕೆಯಂತೆ ಕಂಡು ಬೇಸರ ತರುತ್ತದೆ. ಆ ಕೂಗುವ ಕೆಲಸ ಮುಗಿದ ಮೇಲೆ ಸಾಕ್ಷಿಗಳ ವಿಚಾರಣೆ, ವಾದ ಶುರುವಾಗುತ್ತವೆ. ಅಲ್ಲಿಯವರೆಗೆ ಕುಳಿತರೆ ಜಮೀನಿನ ಸರಹದ್ದು, ಚೆಕ್ ಬೌನ್ಸ್, ದಾರಿಯ ಹಕ್ಕು, ಅಪಘಾತದ ಪರಿಹಾರ ಹೀಗೆ ತಾಲ್ಲೂಕಿನ ಬದುಕೆಲ್ಲ ನಿಮ್ಮ ಮುಂದೆ ಹಾಯುತ್ತದೆ. ನಮ್ಮ ವಿಚಾರಣಾ ನ್ಯಾಯಾಲಯಗಳಲ್ಲಿ ಸಾಕ್ಷ್ಯ ಕನ್ನಡದಲ್ಲಿ ನಡೆಯುವುದರಿಂದ ಏನು ನಡೆಯುತ್ತಿದೆಯೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಯಾವ ದಿನ ಯಾವ ಪ್ರಕರಣ ಎಂಬುದು ಹಾಲ್‌ನ ಹೊರಗೆ ಅಂಟಿಸಿದ ಪಟ್ಟಿಯಲ್ಲಿರುತ್ತದೆ, ಇ-ಕೋರ್ಟ್ಸ್ ಸರ್ವೀಸಸ್ ಆ್ಯಪ್‌ನಲ್ಲಿಯೂ ಸಿಗುತ್ತದೆ. ಪ್ರತಿ ಪ್ರಕರಣಕ್ಕೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇದ್ದು, ಅದನ್ನು ಹಾಕಿದರೆ ಮುಂದಿನ ದಿನಾಂಕ, ಯಾವ ಹಂತದಲ್ಲಿದೆ ಎಂಬ ವಿವರ, ಅಪ್‌ಲೋಡ್ ಆಗಿದ್ದರೆ ಆದೇಶದ ಪ್ರತಿ ದೊರೆಯುತ್ತದೆ. ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 26ರಂದು ನೇರಪ್ರಸಾರಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಕರ್ನಾಟಕ ಹೈಕೋರ್ಟು ಅದಕ್ಕಾಗಿಯೇ 2021ರಲ್ಲಿ ನಿಯಮಗಳನ್ನು ಮಾಡಿ 2022ರ ಜನವರಿ 1ರಿಂದ ಜಾರಿಗೆ ತಂದಿತು. ತಾಲ್ಲೂಕು ಕೋರ್ಟನ್ನು ನೋಡಬೇಕಾದರೆ ಮಾತ್ರ ನಡೆದುಹೋಗಿ ಕೂರಬೇಕು. ಅದಕ್ಕೇ ನಿಮ್ಮಂಥವರು ಹೋಗಬೇಕೆನ್ನುತ್ತೇನೆ. ರಾಜಧಾನಿಯ ದೊಡ್ಡ ಪ್ರಕರಣಗಳ ಮೇಲೆ ಕ್ಯಾಮೆರಾಗಳ ಕಣ್ಣಿದೆ. ನಮ್ಮ ಪಕ್ಕದ ಬೀದಿಯ ಬಡವನ ಜಾಮೀನು ಅರ್ಜಿಯನ್ನು ನೋಡುವ ಕಣ್ಣು ನಮ್ಮದೇ ಆಗಿರಬೇಕು. ಹೀಯಾಳಿಸುವ ಸ್ನೇಹಿತರಲ್ಲಿ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮಾತಿನಲ್ಲಿ ಒಪ್ಪಿಸುವುದಕ್ಕಿಂತ ಅದು ಸುಲಭ.

ಪ್ರಶ್ನೆ: ನಮ್ಮ ಪಟ್ಟಣದಲ್ಲಿ ನಡೆದ ಒಂದು ಹಲ್ಲೆ ಪ್ರಕರಣದ ವಿಚಾರಣೆಗೆ ಹೋಗಿ, ಅಂದು ಕೋರ್ಟಿನಲ್ಲಿ ನಡೆದುದನ್ನು ಬರೆದು ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದೆ. ಆರೋಪಿಯ ಕಡೆಯವರು ರಾತ್ರಿಯಿಡೀ ಬೈದು ಬರೆದರು. ಒಬ್ಬರು ಇದು ನ್ಯಾಯಾಂಗ ನಿಂದನೆ, ಜೈಲಿಗೆ ಹೋಗುತ್ತೀಯ ಎಂದರು. ನಾನು ಅಳಿಸಿಹಾಕಬೇಕೇ?
— ಒಬ್ಬ ಯುವ ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ನೀವು ಬರೆದದ್ದು ನಡೆದುದರ ನ್ಯಾಯಯುತವೂ ನಿಖರವೂ ಆದ ವರದಿಯಾಗಿದ್ದರೆ 1971ರ ನ್ಯಾಯಾಂಗ ನಿಂದನೆ ಅಧಿನಿಯಮದ 4ನೆಯ ಕಲಮಿನ ಪ್ರಕಾರ ಅದು ನಿಂದನೆಯಲ್ಲ. ಅಂತಿಮವಾಗಿ ತೀರ್ಮಾನವಾದ ಪ್ರಕರಣದ ಗುಣಾವಗುಣಗಳ ಮೇಲೆ ನ್ಯಾಯಯುತ ಟೀಕೆ ಮಾಡಲು 5ನೆಯ ಕಲಮು ಅವಕಾಶ ಕೊಡುತ್ತದೆ. ನಿಮ್ಮ ಪ್ರಕರಣ ಇನ್ನೂ ವಿಚಾರಣೆಯಲ್ಲಿರುವುದರಿಂದ ಈ ಎರಡರ ನಡುವಿನ ಗೆರೆಯನ್ನು ಬಿಗಿಯಾಗಿ ಹಿಡಿಯಿರಿ. ‘ಸಾಕ್ಷಿ ಹೀಗೆ ಹೇಳಿದರು, ಪಾಟೀಸವಾಲಿನಲ್ಲಿ ಹೀಗೆ ಒಪ್ಪಿದರು, ಮುಂದಿನ ದಿನಾಂಕ ಇಂಥದ್ದು’ ಎಂದು ಬರೆಯುವುದು ವರದಿ. ‘ಇವನೇ ಮಾಡಿದ್ದು, ನ್ಯಾಯಾಧೀಶರು ಬಿಟ್ಟುಬಿಡುತ್ತಾರೆ ನೋಡಿ’ ಎಂದು ಬರೆಯುವುದು ವರದಿಯಲ್ಲ. ನಿಮ್ಮ ಬರಹದಲ್ಲಿ ಎರಡನೆಯ ಬಗೆಯ ಸಾಲು ಒಂದಿದ್ದರೂ ಅದನ್ನು ತೆಗೆದು, ತೆಗೆದಿದ್ದೇನೆಂದು ಅದೇ ಗುಂಪಿನಲ್ಲಿ ತಿಳಿಸಿ. ಇಲ್ಲದಿದ್ದರೆ ಬೈಗುಳಕ್ಕಾಗಿ ಅಳಿಸುವ ಅಗತ್ಯವಿಲ್ಲ. ಒಂದು ಪಕ್ಷದವರು ಹೇಳಿದ್ದನ್ನು ಮಾತ್ರ ಬರೆದು ಇನ್ನೊಂದನ್ನು ಬಿಟ್ಟಿದ್ದರೆ ಮಾತ್ರ ಅವರ ಸಿಟ್ಟಿನಲ್ಲಿ ನ್ಯಾಯವಿದೆ, ಅದನ್ನು ಸೇರಿಸಿಬಿಡಿ. ಹಗೆಯಿಂದ ಬಂದ ಮಾತಿನಲ್ಲಿ ಒಂದು ನಿಜವಾದ ತಿದ್ದುಪಡಿ ಇದ್ದರೆ ಅದನ್ನು ಎತ್ತಿಕೊಂಡು ಉಳಿದುದನ್ನು ಅಲ್ಲಿಯೇ ಬಿಡುವವರನ್ನು ಕೆಣಕುವುದು ಬಹಳ ಕಷ್ಟ.

ಕೆಲವು ವಿಷಯಗಳಲ್ಲಿ ಮಾತ್ರ ರಿಯಾಯಿತಿಯೇ ಇಲ್ಲ. ಲೈಂಗಿಕ ಅಪರಾಧಕ್ಕೆ ಗುರಿಯಾದವರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನಡಿ ಎರಡು ವರ್ಷದವರೆಗಿನ ಶಿಕ್ಷೆಯ ಅಪರಾಧ. ಹೆಸರು ಬರೆಯದೆ ಊರು, ಶಾಲೆ, ತಂದೆಯ ಉದ್ಯೋಗ ಬರೆದು ಯಾರೆಂದು ತಿಳಿಯುವಂತೆ ಮಾಡಿದರೂ ಅದೇ ತಪ್ಪು. ಮಕ್ಕಳ ಪ್ರಕರಣಗಳಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಹೈಕೋರ್ಟಿನ ನೇರಪ್ರಸಾರದ ತುಣುಕುಗಳನ್ನು ಕತ್ತರಿಸಿ ಹಂಚುವುದನ್ನೂ ನಿಯಮಗಳು ನಿಷೇಧಿಸಿವೆ. ಆರೋಪಿಗೂ ಒಂದು ಮನೆಯಿದೆ, ಶಾಲೆಗೆ ಹೋಗುವ ಮಕ್ಕಳಿರಬಹುದು. ತೀರ್ಪು ಬರುವ ತನಕ ಅವರು ಆರೋಪಿ ಮಾತ್ರ ಎಂಬುದು ನಿಮ್ಮ ಪ್ರತಿ ಸಾಲಿನಲ್ಲೂ ಕಾಣಬೇಕು.

ರಾತ್ರಿ ಬಂದ ಬೈಗುಳಕ್ಕೆ ರಾತ್ರಿಯೇ ಉತ್ತರ ಬರೆಯಬೇಡಿ. ಪರದೆಯ ಚಿತ್ರ ತೆಗೆದಿಟ್ಟುಕೊಂಡು ಗುಂಪಿನ ಸದ್ದನ್ನು ಆರಿಸಿ ಮಲಗಿ. ಬೆದರಿಕೆಯಿದ್ದರೆ ಆ ಚಿತ್ರವೇ ದೂರಿಗೆ ಆಧಾರ. ಬರೀ ಬೈಗುಳವಾಗಿದ್ದರೆ ಮುಂದಿನ ವಾಯಿದೆಯ ವರದಿಯನ್ನು ಇನ್ನಷ್ಟು ನಿಖರವಾಗಿ ಬರೆಯಿರಿ.

ಪ್ರಶ್ನೆ: ನಮ್ಮ ಗ್ರಾಮದ ಕೆರೆ ಅಂಗಳವನ್ನು ಕೆಲವು ಬಲಾಢ್ಯರು ಒತ್ತುವರಿ ಮಾಡಿ ತೋಟ ಮಾಡಿದ್ದಾರೆ. ನಾವು ಕೆಲವರು ತಹಶೀಲ್ದಾರರಿಗೆ ಅರ್ಜಿ ಕೊಟ್ಟ ಮೇಲೆ ಊರಿನಲ್ಲಿ ನಮ್ಮನ್ನು ‘ಊರು ಒಡೆಯುವವರು’ ಎನ್ನುತ್ತಿದ್ದಾರೆ. ಹಬ್ಬಕ್ಕೆ ಕರೆಯುವುದಿಲ್ಲ. ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಬೇಕೆಂದಿದ್ದೇವೆ. ಇಷ್ಟೆಲ್ಲ ಎದುರು ಹಾಕಿಕೊಂಡು ಮುಂದುವರಿಯಬೇಕೇ?
— ಗೆಳೆಯರ ಗುಂಪು, ಹಾವೇರಿ ಜಿಲ್ಲೆ

ಉತ್ತರ: ಮುಂದುವರಿಯಿರಿ, ಆದರೆ ಹೈಕೋರ್ಟಿನಿಂದ ಶುರು ಮಾಡಬೇಡಿ. ಮೊದಲು ಗ್ರಾಮ ನಕ್ಷೆ, ಆಕಾರ್‌ಬಂದ್ (ಸರ್ವೆ ನಂಬರುಗಳ ವಿಸ್ತೀರ್ಣದ ದಾಖಲೆ), ಪಹಣಿಗಳ ದೃಢೀಕೃತ ನಕಲು ತೆಗೆಸಿ, ಕೆರೆಯ ಸರ್ವೆ ನಂಬರು, ವಿಸ್ತೀರ್ಣ ಗೊತ್ತುಮಾಡಿಕೊಳ್ಳಿ. ಅರ್ಜಿಯ ಮೇಲೆ ಏನು ಕ್ರಮವಾಯಿತೆಂದು ಮಾಹಿತಿ ಹಕ್ಕಿನಲ್ಲಿ ಕೇಳಿದರೆ 30 ದಿನಗಳಲ್ಲಿ ಉತ್ತರ ಬರಬೇಕು. ಅಳತೆ ಮಾಡಿಸಿರೆಂದು ಬರೆದು ಕೇಳಿ. ಊರಿನ ಹಗೆ ಹೆಚ್ಚುವುದು ‘ಅವರು ನಮ್ಮ ಮೇಲೆ ಬಿದ್ದಿದ್ದಾರೆ’ ಎಂಬ ಭಾವನೆಯಿಂದ. ನೀವು ಒತ್ತುವರಿದಾರರ ಹೆಸರು ಹಿಡಿದು ಮಾತನಾಡುವುದನ್ನು ನಿಲ್ಲಿಸಿ ಸರ್ವೆ ನಂಬರು ಹಿಡಿದು ಮಾತನಾಡಿದರೆ ಜಗಳ ಮನುಷ್ಯರಿಂದ ನೆಲಕ್ಕೆ ಇಳಿಯುತ್ತದೆ, ನಿಮಗೂ ಒಳಗೊಳಗೇ ಹಗುರವಾಗುತ್ತದೆ.

ಸ್ಥಳೀಯ ಕೋರ್ಟಿನಲ್ಲಿಯೇ ಒಂದು ದಾರಿಯಿದೆಯೆಂಬುದು ಅನೇಕರಿಗೆ ತಿಳಿದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 91ನೆಯ ಕಲಮಿನ ಪ್ರಕಾರ ಸಾರ್ವಜನಿಕ ಉಪದ್ರವದ ವಿರುದ್ಧ ಇಬ್ಬರು ಅಥವಾ ಹೆಚ್ಚು ಮಂದಿ, ತಮಗೆ ವೈಯಕ್ತಿಕವಾಗಿ ವಿಶೇಷ ನಷ್ಟವಾಗದಿದ್ದರೂ, ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬಹುದು. ಇಡೀ ಊರಿನ ಪರವಾಗಿ ಕೆಲವರು ಪ್ರಾತಿನಿಧಿಕ ದಾವೆ ಹೂಡಲು ಅದೇ ಸಂಹಿತೆಯ ಆದೇಶ 1, ನಿಯಮ 8ರಲ್ಲಿ ಅವಕಾಶವಿದೆ. ಅದರ ನೋಟಿಸು ಎಲ್ಲ ಆಸಕ್ತರಿಗೂ ತಲುಪಬೇಕಾದ್ದರಿಂದ ಊರಿಗೆ ಊರೇ ವಿಷಯ ತಿಳಿಯುತ್ತದೆ, ಬೇಕಾದವರು ಸೇರಿಕೊಳ್ಳಲೂಬಹುದು. ಸರ್ಕಾರಿ ಜಮೀನಿನ ಕಬಳಿಕೆಗೆ 2011ರ ಭೂಕಬಳಿಕೆ ನಿಷೇಧ ಅಧಿನಿಯಮದಡಿ ಬೆಂಗಳೂರಿನಲ್ಲಿ ವಿಶೇಷ ನ್ಯಾಯಾಲಯವಿದೆ. ಇವು ಯಾವುವೂ ಸಾಲದಾದಾಗ ನಿಮ್ಮ ಜಿಲ್ಲೆಯ ಅರ್ಜಿ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗುತ್ತದೆ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾದ ಅದು 2013ರಿಂದ ಕಾಯಂ ಪೀಠ.

ನಿಮ್ಮ ಬೆನ್ನಿಗೆ ನಿಲ್ಲುವ ತೀರ್ಪುಗಳಿವೆ. ಪಂಜಾಬಿನ ಪಟಿಯಾಲ ಜಿಲ್ಲೆಯ ಒಂದು ಹಳ್ಳಿಯ ಕೆರೆಯನ್ನು ಮುಚ್ಚಿ ಮನೆ ಕಟ್ಟಿಕೊಂಡವರ ಪ್ರಕರಣದಲ್ಲಿ, ಜಗಪಾಲ್ ಸಿಂಗ್ ಪ್ರಕರಣವೆಂದು ಪ್ರಸಿದ್ಧವಾದ ತೀರ್ಪಿನಲ್ಲಿ, ಸುಪ್ರೀಂ ಕೋರ್ಟು 2011ರ ಜನವರಿ 28ರಂದು ಗ್ರಾಮದ ಸಮುದಾಯ ಭೂಮಿಗಳ ಒತ್ತುವರಿ ತೆರವುಗೊಳಿಸಲು ಎಲ್ಲ ರಾಜ್ಯಗಳಿಗೂ ನಿರ್ದೇಶನ ಕೊಟ್ಟಿತು. ಬಹಳ ವರ್ಷದಿಂದ ಅನುಭವದಲ್ಲಿದೆ, ಬಹಳ ಹಣ ಹಾಕಿ ಕಟ್ಟಿದ್ದೇವೆ, ರಾಜಕೀಯ ಬೆಂಬಲವಿದೆ ಎಂಬುದು ಸಮರ್ಥನೆಯಾಗಲಾರದೆಂದು ಹೇಳಿತು. ಬೆಂಗಳೂರಿನ ಕೆರೆಗಳಿಗಾಗಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ 2008ರಲ್ಲಿ ಹಾಕಿದ ಅರ್ಜಿಗೆ ಹೈಕೋರ್ಟಿನ ಅಂತಿಮ ಆದೇಶ ಬಂದದ್ದು 2012ರಲ್ಲಿ. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಬಳ್ಳಾರಿಯ ಗಣಿಗಳ ವಿಷಯದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ, 2013ರ ಏಪ್ರಿಲ್ 18ರ ತೀರ್ಪಿನವರೆಗೆ ಕಾದಿತು. ಎರಡೂ ಪ್ರಕರಣಗಳು ನಾಲ್ಕು ವರ್ಷ ತೆಗೆದುಕೊಂಡಿರುವುದನ್ನು ನೋಡಿ. ಅಷ್ಟು ಕಾಲ ಸಿಟ್ಟಿನ ಬಲದಿಂದ ಯಾರೂ ನಡೆಯಲಾರರು. ಕಾಗದಪತ್ರ ಒಬ್ಬರು, ವಕೀಲರ ಭೇಟಿ ಒಬ್ಬರು, ಲೆಕ್ಕ ಒಬ್ಬರು ಎಂದು ಹಂಚಿಕೊಳ್ಳಿ. ಹಗೆಯೂ ಆಗ ಒಬ್ಬರ ತಲೆಯ ಮೇಲೆ ಬೀಳುವುದಿಲ್ಲ.

ಒಂದು ಮಾತನ್ನು ನಿಷ್ಠುರವಾಗಿಯೇ ಹೇಳುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಆ ತೋಟದವರೊಡನೆ ಹಳೆಯ ವೈಮನಸ್ಸು ಇದ್ದರೆ, ಅಥವಾ ನಿಮ್ಮವರದ್ದೇ ನಾಲ್ಕು ಗುಂಟೆ ಕೆರೆಯೊಳಗೆ ಸೇರಿದ್ದರೆ, ಅರ್ಜಿ ಹಾಕುವ ಮುನ್ನ ಅದನ್ನು ಸರಿಪಡಿಸಿಕೊಳ್ಳಿ. ಸ್ವಂತ ಹಿತಾಸಕ್ತಿ ಇಲ್ಲವೆಂದು ಹೈಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಬೇಕಾಗುತ್ತದೆ, ಸುಳ್ಳೆಂದು ಕಂಡರೆ ದಂಡದ ಜೊತೆ ಅರ್ಜಿ ವಜಾ ಆಗುತ್ತದೆ. ಹಬ್ಬಕ್ಕೆ ಅವರು ಕರೆಯದಿದ್ದರೂ ನಿಮ್ಮ ಮನೆಯ ಹಬ್ಬಕ್ಕೆ ಅವರನ್ನು ಕರೆಯಿರಿ. ಕೆರೆ ತುಂಬಿದರೆ ನೀರು ಅವರ ಬೋರ್‌ವೆಲ್ಲಿಗೂ ಬರುವುದರಿಂದ ಅವರನ್ನು ಊರಿನಿಂದ ಬೇರೆಯಾಗಿ ನೋಡಲು ನಿಮಗೆ ಕಾರಣವಿಲ್ಲ.

ಪ್ರಶ್ನೆ: ರಸ್ತೆಯಲ್ಲಿ ನಡೆದ ಕೊಲೆ ಯತ್ನವನ್ನು ಕಣ್ಣಾರೆ ಕಂಡು ಪೊಲೀಸರಿಗೆ ಹೇಳಿಕೆ ಕೊಟ್ಟೆ. ಈಗ ಸಮನ್ಸ್ ಬಂದಿದೆ. ‘ಏನೂ ನೋಡಿಲ್ಲ ಎಂದು ಹೇಳು, ಇಲ್ಲವಾದರೆ ಅಂಗಡಿ ನಡೆಸಲು ಬಿಡುವುದಿಲ್ಲ’ ಎಂದು ಕೆಲವರು ಬಂದು ಹೇಳಿಹೋದರು. ಸುಮ್ಮನಿದ್ದುಬಿಡಲೇ?
— ಒಬ್ಬ ವ್ಯಾಪಾರಿ, ಕಲಬುರಗಿ ಜಿಲ್ಲೆ

ಉತ್ತರ: ಇದು ಮನಸ್ಸಿಗೆ ಹಚ್ಚಿಕೊಳ್ಳದೆ ಇರಬಹುದಾದ ಸಂಗತಿಯಲ್ಲ, ಇಂದೇ ದೂರು ಕೊಡಬೇಕಾದ ಸಂಗತಿ. ಸುಳ್ಳು ಸಾಕ್ಷ್ಯ ನುಡಿಯುವಂತೆ ಬೆದರಿಸುವುದು ಭಾರತೀಯ ನ್ಯಾಯ ಸಂಹಿತೆಯ 232ನೆಯ ಕಲಮಿನಡಿ ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧ. ಸುಪ್ರೀಂ ಕೋರ್ಟು 2018ರ ಡಿಸೆಂಬರ್ 5ರಂದು ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆಯಂತೆ ನೀವು ರಕ್ಷಣೆ ಕೋರಿ ಅರ್ಜಿ ಕೊಡಬಹುದು. ಅದನ್ನು ತೀರ್ಮಾನಿಸುವ ಸಮಿತಿಗೆ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರು ಅಧ್ಯಕ್ಷರು. ಜಿಲ್ಲೆಯ ಪೊಲೀಸ್ ಮುಖ್ಯಸ್ಥರು ಸದಸ್ಯರು, ಜಿಲ್ಲೆಯ ಸರ್ಕಾರಿ ಅಭಿಯೋಜನೆಯ ಮುಖ್ಯಸ್ಥರು ಸದಸ್ಯ ಕಾರ್ಯದರ್ಶಿ. ಅರ್ಜಿ ಬಂದ ಮೇಲೆ ಬೆದರಿಕೆ ಎಷ್ಟರಮಟ್ಟಿಗೆ ನಿಜವೆಂದು ಪೊಲೀಸರಿಂದ ವರದಿ ತರಿಸಿಕೊಂಡು, ಮನೆಯ ಬಳಿ ಗಸ್ತು, ಕೋರ್ಟಿಗೆ ಬಂದುಹೋಗುವಾಗ ಬೆಂಗಾವಲು, ಆರೋಪಿಯ ಮುಖ ಎದುರಾಗದಂತೆ ಸಾಕ್ಷ್ಯ ನುಡಿಯುವ ಏರ್ಪಾಡು ಮೊದಲಾದವುಗಳಲ್ಲಿ ಅಗತ್ಯವಾದುದನ್ನು ಆದೇಶಿಸುತ್ತಾರೆ. ವರದಿ ಬರುವ ತನಕ ತುರ್ತು ರಕ್ಷಣೆಯನ್ನೂ ಕೊಡಬಹುದು. ಸಮನ್ಸಿನ ಪ್ರತಿಯೊಂದಿಗೆ ಸರ್ಕಾರಿ ಅಭಿಯೋಜಕರ ಕಚೇರಿಗೆ ವಾಯಿದೆಯ ದಿನಕ್ಕೆ ಮುಂಚೆಯೇ ಹೋಗಿ, ಬಂದವರು ಯಾರು, ಯಾವ ದಿನ, ಏನು ಹೇಳಿದರು ಎಂಬುದನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿಯವರೆಗೆ ಆ ಗುಂಪಿನವರು ಮತ್ತೆ ಅಂಗಡಿಗೆ ಬಂದರೆ 112ಕ್ಕೆ ಕರೆ ಮಾಡಿ, ಅವರೊಡನೆ ರಾಜಿಯ ಮಾತಿಗೂ ಕೂರಬೇಡಿ.